ಅತಿಥಿಗಳಿಗೆ ವೈ-ಫೈ: ಕೋಡ್ ಅಂಟಿಸುವ ಮೊದಲು

ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ಸ್ಕ್ಯಾನ್ ಮಾಡಿದ ಕೂಡಲೇ ವೈ-ಫೈ ಸೇರಿಸುವ ಕ್ಯೂಆರ್ ಕೋಡ್ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ದಾವಣಗೆರೆಯಲ್ಲಿ ನಮ್ಮದು ಬೆಣ್ಣೆ ದೋಸೆ ಹೋಟೆಲ್. ಬಂದವರೆಲ್ಲ ವೈ-ಫೈ ಪಾಸ್‌ವರ್ಡ್ ಕೇಳುತ್ತಾರೆ. ಸಪ್ಲೈಯರ್‌ಗಳು ಕೈಯಲ್ಲಿ ತಟ್ಟೆ ಹಿಡಿದು ಒಂದೊಂದೇ ಅಕ್ಷರ ಹೇಳುತ್ತ ನಿಲ್ಲುತ್ತಾರೆ. ಪ್ರತಿ ಟೇಬಲ್ ಮೇಲೆ ಕ್ಯೂಆರ್ ಕೋಡ್ ಅಂಟಿಸೋಣ ಎಂದಿದ್ದೇವೆ. ಬಿಲ್ಲಿಂಗ್ ಕಂಪ್ಯೂಟರ್, ಸಿಸಿ ಕ್ಯಾಮೆರಾ ಎರಡೂ ಅದೇ ವೈ-ಫೈನಲ್ಲಿವೆ. ಹೇಗೆ ಮಾಡಬೇಕು?

ವೈ-ಫೈ ಕ್ಯೂಆರ್ ಕೋಡ್ ಬೀಗವಲ್ಲ, ಮೊದಲು ಇದು ಸ್ಪಷ್ಟವಿರಲಿ. ನೆಟ್‌ವರ್ಕ್ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ, ಈ ಮೂರೂ ಆ ಚೌಕದೊಳಗೆ ಯಾವ ಗುಪ್ತಲಿಪಿಯೂ ಇಲ್ಲದೆ ಸಾದಾ ಅಕ್ಷರಗಳಲ್ಲಿ ಇರುತ್ತವೆ. ಯಾವುದೇ ಸ್ಕ್ಯಾನರ್ ಆ್ಯಪ್ ಹಿಡಿದರೆ ಪಾಸ್‌ವರ್ಡ್ ಕಣ್ಣೆದುರೇ ಬರುತ್ತದೆ. ಈಗಿರುವ ವೈ-ಫೈಗೇ ಕೋಡ್ ಮಾಡಿ ಅಂಟಿಸಿದಿರೆಂದರೆ ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಇರುವ ನೆಟ್‌ವರ್ಕ್‌ನೊಳಕ್ಕೇ ಗಿರಾಕಿಗಳನ್ನು ಬಿಟ್ಟುಕೊಂಡಿರಿ. ಡಿವಿಆರ್‌ನ ಕಂಪನಿ ಪಾಸ್‌ವರ್ಡ್ ಬದಲಿಸದೆ ಹಾಗೇ ಇಟ್ಟಿರುವ ಅಂಗಡಿಗಳು ಬಹಳ. ಅಲ್ಲಿ ಗಲ್ಲಾದ ಮೇಲಿನ ಕ್ಯಾಮೆರಾದ ಚಿತ್ರವನ್ನು ಯಾರು ಬೇಕಾದರೂ ನೋಡಬಹುದು. ಹಾಗಾಗಿ ಕೋಡ್ ಆಮೇಲೆ, ಅತಿಥಿಗಳಿಗೆಂದೇ ಬೇರೆಯಾಗಿಡುವ ಗೆಸ್ಟ್ ನೆಟ್‌ವರ್ಕ್ ಮೊದಲು.

ರೂಟರ್ ತಿರುಗಿಸಿ ಅಡಿಯ ಚೀಟಿ ನೋಡಿ. ಲಾಗಿನ್ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಅಲ್ಲಿರುತ್ತವೆ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಜಿಯೋ ಫೈಬರ್ ಆದರೆ 192.168.29.1. ಬ್ರೌಸರ್‌ನಲ್ಲಿ ಅದನ್ನು ತೆರೆದು ವೈರ್‌ಲೆಸ್ ವಿಭಾಗಕ್ಕೆ ಹೋದರೆ ಅಂಗಡಿಯಲ್ಲಿ ಕೊಂಡ ರೂಟರ್‌ನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂದೇ ಇರುತ್ತದೆ. ಕೇಬಲ್‌ನವರು ಕೊಟ್ಟ ಫೈಬರ್ ಪೆಟ್ಟಿಗೆಯಲ್ಲಿ ಆ ಹೆಸರು ಕಾಣದೆ ಎಸ್‌ಎಸ್‌ಐಡಿ (ವೈ-ಫೈ ಹೆಸರು) 1, 2, 3, 4 ಎಂದಷ್ಟೇ ಇದ್ದರೆ ಎರಡನೆಯದನ್ನು ಆನ್ ಮಾಡಿ. ಆ ಪುಟಕ್ಕೆ ಪ್ರವೇಶವೇ ಇಲ್ಲದಿದ್ದರೆ ಕೇಬಲ್‌ನವರಿಗೆ ‘ಐಸೊಲೇಷನ್ ಇರುವ ಎರಡನೇ ಎಸ್‌ಎಸ್‌ಐಡಿ ಬೇಕು’ ಎಂದು ಇದೇ ಮಾತಿನಲ್ಲಿ ಹೇಳಿ. ಐಸೊಲೇಷನ್ ಎಂದರೆ ಒಂದು ನೆಟ್‌ವರ್ಕ್‌ನವರು ಇನ್ನೊಂದಕ್ಕೆ ಹೋಗದಂತೆ ಬೇರ್ಪಡಿಸುವುದು. ಬರೀ ‘ಇನ್ನೊಂದು ವೈ-ಫೈ’ ಎಂದರೆ ಹೆಸರು ಮಾತ್ರ ಎರಡಾಗಿ, ಒಳಗೆ ಒಂದೇ ನೆಟ್‌ವರ್ಕ್ ಉಳಿಯುತ್ತದೆ.

ಗೆಸ್ಟ್ ನೆಟ್‌ವರ್ಕ್‌ನಲ್ಲಿ ಭದ್ರತೆ ಡಬ್ಲ್ಯುಪಿಎ2 ಇರಲಿ. ಅತಿಥಿಗಳು ಒಬ್ಬರನ್ನೊಬ್ಬರು ನೋಡುವ ಅನುಮತಿ, ಒಳಗಿನ ನೆಟ್‌ವರ್ಕ್ ತಲುಪುವ ಅನುಮತಿ, ಎರಡನ್ನೂ ಆಫ್ ಮಾಡಿ. ಡಬ್ಲ್ಯುಪಿಎಸ್ ಎಂಬ ಗುಂಡಿ-ಜೋಡಣೆ ಸೌಲಭ್ಯವನ್ನೂ ಮುಚ್ಚಿ. ವೇಗ ಮಿತಿ ಹಾಕುವ ಆಯ್ಕೆ ಇದ್ದರೆ 100 ಎಂಬಿಪಿಎಸ್ ಲೈನ್‌ನಲ್ಲಿ ಅತಿಥಿಗಳಿಗೆಲ್ಲ ಸೇರಿ 30 ಎಂಬಿಪಿಎಸ್ ಧಾರಾಳ. ಬೆಳಗಿನ ನೂಕುನುಗ್ಗಲಿನಲ್ಲಿ ಬಿಲ್ ನಿಲ್ಲಬಾರದು.

ಈಗ ಪರೀಕ್ಷೆ. ಇದನ್ನು ಬಿಡಲೇಬೇಡಿ. ಮೊಬೈಲ್ ಡೇಟಾ ಆಫ್ ಮಾಡಿ, ಗೆಸ್ಟ್ ನೆಟ್‌ವರ್ಕ್ ಸೇರಿ, ಅದೇ ಫೋನಿನಲ್ಲಿ ರೂಟರ್‌ನ ಲಾಗಿನ್ ವಿಳಾಸವನ್ನೂ ಡಿವಿಆರ್‌ನ ವಿಳಾಸವನ್ನೂ ತೆರೆಯಲು ನೋಡಿ. ಎರಡೂ ತೆರೆಯಬಾರದು. ತೆರೆದರೆ ಗೆಸ್ಟ್ ಎಂಬುದು ಹೆಸರಿಗೆ ಮಾತ್ರ. ಕೋಡ್ ಅಂಟಿಸುವ ಹಂತ ಇನ್ನೂ ಬಂದಿಲ್ಲ.

ಕೋಡ್ ತಯಾರಿಸುವುದು ಇದರ ಮುಂದೆ ಸುಲಭ. ಆಂಡ್ರಾಯ್ಡ್ 10 ಅಥವಾ ನಂತರದ ಫೋನನ್ನು ಗೆಸ್ಟ್ ನೆಟ್‌ವರ್ಕ್‌ಗೆ ಸೇರಿಸಿ, ಸೆಟ್ಟಿಂಗ್ಸ್‌ನ ವೈ-ಫೈ ಪುಟದಲ್ಲಿ ಆ ಹೆಸರಿನ ಪಕ್ಕದ ಹಲ್ಲುಚಕ್ರ ಒತ್ತಿ, ‘ಶೇರ್’ ಆರಿಸಿ. ಬೆರಳಚ್ಚು ಅಥವಾ ಪಿನ್ ಕೇಳಿ ಕೋಡ್ ತೋರಿಸುತ್ತದೆ. ಕೆಲವು ಫೋನ್‌ಗಳಲ್ಲಿ ನೆಟ್‌ವರ್ಕ್ ಹೆಸರನ್ನೇ ಮುಟ್ಟಿದರೆ ಸಾಕು. ಸ್ಕ್ರೀನ್‌ಶಾಟ್ ತೆಗೆದು ಕೋಡ್ ಭಾಗವನ್ನಷ್ಟೇ ಕತ್ತರಿಸಿಕೊಳ್ಳಿ. ಕೆಲವು ಫೋನ್‌ಗಳು ಕೆಳಗೆ ಪಾಸ್‌ವರ್ಡನ್ನೂ ಬರೆದಿರುತ್ತವೆ.

ಮುದ್ರಣಕ್ಕೆ ಇನ್ನೂ ಅಚ್ಚುಕಟ್ಟು ಬೇಕಿದ್ದರೆ ಕಂಪ್ಯೂಟರ್‌ನಲ್ಲಿ ಲಿಬ್ರೆಆಫೀಸ್ ಸಾಕು. ಇನ್ಸರ್ಟ್ ಮೆನುವಿನಲ್ಲೇ ಕ್ಯೂಆರ್ ಮಾಡುವ ಸೌಲಭ್ಯವಿದೆ, ಇಂಟರ್‌ನೆಟ್ಟೂ ಬೇಡ. ತುಂಬಬೇಕಾದ ಸಾಲು ಹೀಗೆ: ಡಬ್ಲ್ಯು-ಐ-ಎಫ್-ಐ ನಾಲ್ಕು ದೊಡ್ಡಕ್ಷರ, ಕೋಲನ್, ಟಿ, ಕೋಲನ್, ಡಬ್ಲ್ಯು-ಪಿ-ಎ, ಸೆಮಿಕೋಲನ್, ಎಸ್, ಕೋಲನ್, ನೆಟ್‌ವರ್ಕ್ ಹೆಸರು, ಸೆಮಿಕೋಲನ್, ಪಿ, ಕೋಲನ್, ಪಾಸ್‌ವರ್ಡ್, ಕೊನೆಗೆ ಎರಡು ಸೆಮಿಕೋಲನ್. ಎಲ್ಲವೂ ಇಂಗ್ಲಿಷ್ ಅಕ್ಷರ, ನಡುವೆ ಗೆರೆಯಿಲ್ಲ, ಜಾಗವಿಲ್ಲ. ಭದ್ರತೆ ಡಬ್ಲ್ಯುಪಿಎ2 ಆಗಿದ್ದರೂ ಕೋಡಿನಲ್ಲಿ ಡಬ್ಲ್ಯು-ಪಿ-ಎ ಎಂದೇ ಬರೆಯಬೇಕು, 2 ಸೇರಿಸಬಾರದು.

ಅಳತೆಗೆ ಬರೋಣ. ಹೆಸರು 12 ಅಕ್ಷರ, ಪಾಸ್‌ವರ್ಡ್ 12 ಅಕ್ಷರ ಇದ್ದರೆ ಇಡೀ ಸಾಲು 42 ಅಕ್ಷರವಾಗುತ್ತದೆ. ಹಾಳಾದ ಭಾಗವನ್ನು ತಾನೇ ತುಂಬಿಕೊಳ್ಳುವ ಶಕ್ತಿ ಕ್ಯೂಆರ್‌ಗೆ ನಾಲ್ಕು ಮಟ್ಟದಲ್ಲಿದೆ: ಸುಮಾರು 7, 15, 25, 30 ಶೇಕಡ. ಬೆಣ್ಣೆಯ ಕೈ, ಒರೆಸುವ ಬಟ್ಟೆ, ಚಟ್ನಿಯ ಕಲೆ ಬೀಳುವ ಟೇಬಲ್‌ಗೆ ಶೇ. 25ರ ಮಟ್ಟ ಆರಿಸಿ. ಆಗ ನಿಮ್ಮ ಕೋಡ್ 33 × 33 ಮನೆಗಳದ್ದಾಗುತ್ತದೆ. ಸುತ್ತಲೂ ನಾಲ್ಕು ಮನೆಯಷ್ಟು ಬಿಳಿ ಅಂಚು ಕಡ್ಡಾಯ. ಅದೂ ಸೇರಿ 41 ಮನೆ. ಮನೆಗೆ 1 ಮಿಲಿಮೀಟರ್ ಇಟ್ಟರೆ 4.1 ಸೆಂಟಿಮೀಟರ್ ಚೌಕ. ಕೂತವರು ಕೈಯಳತೆಯಲ್ಲಿ ಸ್ಕ್ಯಾನ್ ಮಾಡಲು ಇಷ್ಟು ಸಾಕು. ಗೋಡೆಗೆ ಹಾಕುವುದಾದರೆ ಎಷ್ಟು ದೂರದಿಂದ ಹಿಡಿಯಬೇಕೋ ಅದರ ಹತ್ತನೇ ಒಂದು ಭಾಗ: ಒಂದೂವರೆ ಮೀಟರ್‌ಗೆ 15 ಸೆಂಟಿಮೀಟರ್.

ಕೋಡ್ ಕೆಡುವುದು ಹೆಚ್ಚಾಗಿ ಡಿಟಿಪಿ ಅಂಗಡಿಯಲ್ಲಿ. ಚೆಂದ ಕಾಣಲೆಂದು ಬಿಳಿ ಅಂಚನ್ನು ಕತ್ತರಿಸುತ್ತಾರೆ, ಬಣ್ಣದ ಹಿನ್ನೆಲೆ ಹಾಕುತ್ತಾರೆ, ಕಪ್ಪಿನ ಮೇಲೆ ಬಿಳಿ ಮಾಡುತ್ತಾರೆ. ಬಿಳಿಯ ಮೇಲೆ ಕಪ್ಪೇ ಇರಲಿ. ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅಂಚುಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ, ಸಾಧ್ಯವಾದರೆ ಪಿಡಿಎಫ್ ಆಗಿ ಕಳಿಸಿ. ಲ್ಯಾಮಿನೇಷನ್ ಮ್ಯಾಟ್ ಆಗಿರಲಿ. ಮಿರುಗುವ ಹಾಳೆಯ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಕ್ಯಾಮೆರಾಕ್ಕೆ ಅರ್ಧ ಕೋಡ್ ಬೆಳ್ಳಗೆ ಕಾಣುತ್ತದೆ. ನೂರು ಪ್ರತಿ ತೆಗೆಸುವ ಮುಂಚೆ ಒಂದು ಪ್ರತಿ ತೆಗೆಸಿ, ಟೇಬಲ್ ಮೇಲಿಟ್ಟು, ಹಳೆಯದೊಂದು ಹೊಸದೊಂದು ಫೋನಿನಲ್ಲಿ ನೋಡಿ.

ಗಲ್ಲಾದ ಬಳಿ ಹಣ ಪಾವತಿಯ ಕೋಡ್ ಪಕ್ಕದಲ್ಲಿ ಇದನ್ನು ಇಡಬೇಡಿ. ಜನ ಅಭ್ಯಾಸಬಲದಿಂದ ಪೇಮೆಂಟ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡುತ್ತಾರೆ, ಅದು ಸಾಮಾನ್ಯವಾಗಿ ಈ ಕೋಡನ್ನು ಒಪ್ಪುವುದಿಲ್ಲ, ‘ನಿಮ್ಮ ವೈ-ಫೈ ಸರಿಯಿಲ್ಲ’ ಎಂಬ ದೂರು ಬರುತ್ತದೆ. ಕೋಡ್ ಮೇಲೆ ‘ವೈ-ಫೈ – ಫೋನ್ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ’ ಎಂದು ಬರೆಸಿ. ಕೆಳಗೆ ನೆಟ್‌ವರ್ಕ್ ಹೆಸರೂ ಇರಲಿ.

ಮೊಳಕಾಲ್ಮೂರಿನಲ್ಲಿ ಸೀರೆ ಅಂಗಡಿ ಇದೆ. ಒಂದು ವೆಬ್‌ಸೈಟ್‌ನಲ್ಲಿ ಉಚಿತವಾಗಿ ವೈ-ಫೈ ಕೋಡ್ ಮಾಡಿಸಿ ಅಕ್ರಿಲಿಕ್ ಫಲಕ ಹಾಕಿಸಿದೆವು. ಎರಡು ವಾರ ನಡೆಯಿತು. ಈಗ ಸ್ಕ್ಯಾನ್ ಮಾಡಿದರೆ ‘ಅವಧಿ ಮುಗಿದಿದೆ, ಹಣ ಕಟ್ಟಿ’ ಎನ್ನುವ ಪುಟ ಬರುತ್ತದೆ. ಕೋಡ್‌ಗೂ ಅವಧಿ ಇರುತ್ತದೆಯೇ?

ನಿಜವಾದ ವೈ-ಫೈ ಕೋಡ್‌ಗೆ ಅವಧಿ ಇಲ್ಲ. ಪಾಸ್‌ವರ್ಡ್ ಬದಲಾಗುವವರೆಗೆ ಅದು ನಡೆಯುತ್ತಲೇ ಇರುತ್ತದೆ. ನಿಮಗೆ ಸಿಕ್ಕಿದ್ದು ‘ಡೈನಾಮಿಕ್’ ಕೋಡ್. ಅದರೊಳಗೆ ನಿಮ್ಮ ಪಾಸ್‌ವರ್ಡ್ ಇಲ್ಲ, ಆ ವೆಬ್‌ಸೈಟ್‌ನ ಕೊಂಡಿ ಇದೆ. ಸ್ಕ್ಯಾನ್ ಮಾಡಿದವರು ಮೊದಲು ಅವರ ಸರ್ವರ್‌ಗೆ ಹೋಗಿ, ಅಲ್ಲಿಂದ ಮಾಹಿತಿ ಪಡೆಯಬೇಕು. ಅವರು ಕೊಂಡಿ ನಿಲ್ಲಿಸಿದ ದಿನ ನಿಮ್ಮ ಫಲಕ ಬರೀ ಚಿತ್ರವಾಗುತ್ತದೆ. ವೈ-ಫೈ ವಿಷಯದಲ್ಲಂತೂ ಈ ಬಗೆಯ ಕೋಡ್ ತರ್ಕಕ್ಕೇ ನಿಲ್ಲುವುದಿಲ್ಲ: ಇಂಟರ್‌ನೆಟ್ ಬೇಕೆಂದು ಬಂದವರು ಕೋಡ್ ತೆರೆಯಲು ಮೊದಲೇ ಇಂಟರ್‌ನೆಟ್ ಹೊಂದಿರಬೇಕಾಗುತ್ತದೆ. ಜೊತೆಗೆ ನಿಮ್ಮ ಪಾಸ್‌ವರ್ಡ್ ಅವರ ಬಳಿಯೂ ಉಳಿದಿರುತ್ತದೆ.

ಪತ್ತೆ ಮಾಡುವುದು ಹೀಗೆ: ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈ-ಫೈ ಮಾತ್ರ ಮತ್ತೆ ಆನ್ ಮಾಡಿ, ಯಾವ ನೆಟ್‌ವರ್ಕ್‌ಗೂ ಸೇರದೆ ಸ್ಕ್ಯಾನ್ ಮಾಡಿ. ‘ಈ ನೆಟ್‌ವರ್ಕ್ ಸೇರಬೇಕೆ’ ಎಂದು ಹೆಸರು ತೋರಿಸಿದರೆ ಅದು ನೇರ ಕೋಡ್. ಬ್ರೌಸರ್ ತೆರೆದರೆ ಕೊಂಡಿ. ಮೇಲಿನ ಉತ್ತರದಂತೆ ನೇರ ಕೋಡ್ ಮಾಡಿ ಫಲಕದ ಮೇಲೆ ಅಂಟಿಸಿ, ಮತ್ತು ಆ ಪಾಸ್‌ವರ್ಡ್ ಬದಲಿಸಿ. ಹಣ ಕಟ್ಟಬೇಡಿ.

ಚಳ್ಳಕೆರೆಯ ನಮ್ಮ ಕ್ಲಿನಿಕ್‌ನಲ್ಲಿ ಒಂದೇ ಕೋಡ್ ಕೆಲವರಿಗೆ ಸೇರುತ್ತದೆ, ಕೆಲವರಿಗೆ ‘ಪಾಸ್‌ವರ್ಡ್ ತಪ್ಪು’ ಎನ್ನುತ್ತದೆ, ಇನ್ನು ಕೆಲವರಿಗೆ ನೆಟ್‌ವರ್ಕೇ ಕಾಣುವುದಿಲ್ಲ. ಕೋಡ್ ತಪ್ಪಿದ್ದರೆ ಎಲ್ಲರಿಗೂ ತಪ್ಪಬೇಕಲ್ಲವೇ?

ಮೂರು ಬೇರೆ ಬೇರೆ ಕಾಯಿಲೆ ಒಟ್ಟಿಗೆ ಸೇರಿರಬಹುದು. ‘ಪಾಸ್‌ವರ್ಡ್ ತಪ್ಪು’ ಎಂಬುದಕ್ಕೆ ಮೊದಲ ಅನುಮಾನ ಪಾಸ್‌ವರ್ಡ್‌ನೊಳಗಿನ ಚಿಹ್ನೆಗಳ ಮೇಲೆ. ಸೆಮಿಕೋಲನ್, ಕೋಲನ್, ಕಾಮಾ, ಉದ್ಧರಣ ಚಿಹ್ನೆ, ಹಿಂಬಾಗಿದ ಗೆರೆ (\), ಈ ಐದಕ್ಕೂ ಕೋಡ್‌ನ ಸಾಲಿನಲ್ಲಿ ಬೇರೆ ಕೆಲಸವಿದೆ. ಇವು ಪಾಸ್‌ವರ್ಡ್‌ನಲ್ಲಿ ಬಂದರೆ ಪ್ರತಿಯೊಂದರ ಮುಂಚೆ ಒಂದು ಹಿಂಬಾಗಿದ ಗೆರೆ ಇಡಬೇಕು. ಇಡದಿದ್ದರೆ ಕೆಲವು ಫೋನ್ ಹೇಗೋ ಊಹಿಸಿಕೊಳ್ಳುತ್ತವೆ, ಉಳಿದವು ಪಾಸ್‌ವರ್ಡನ್ನು ಅಲ್ಲಿಗೇ ತುಂಡು ಮಾಡುತ್ತವೆ. ಚಿಹ್ನೆಗಳನ್ನೇ ಬಿಟ್ಟು ಇಂಗ್ಲಿಷ್ ಚಿಕ್ಕಕ್ಷರ ಮತ್ತು ಅಂಕಿಗಳ 12ರಿಂದ 16 ಅಕ್ಷರದ ಪಾಸ್‌ವರ್ಡ್ ಇಡುವುದೇ ಒಳ್ಳೆಯದು. ನಿಯಮ 8ರಿಂದ 63 ಅಕ್ಷರದವರೆಗೆ ಬಿಡುತ್ತದೆ. ಸೊನ್ನೆ ಮತ್ತು ‘ಓ’, ಒಂದು ಮತ್ತು ‘ಎಲ್’ ಸೇರಿಸಬೇಡಿ. ಸ್ಕ್ಯಾನ್ ಆಗದವರಿಗೆ ಬಾಯಲ್ಲಿ ಹೇಳುವಾಗ ಅನುಕೂಲ.

ಎರಡನೆಯದು ಭದ್ರತೆಯ ಬಗೆ. ರೂಟರ್‌ನಲ್ಲಿ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಹಳೆಯ ಫೋನ್‌ಗಳು ಸೇರಲಾರವು. ಅಂಥ ನೆಟ್‌ವರ್ಕ್‌ನಿಂದ ಫೋನ್ ತೆಗೆದ ಕೋಡಿನಲ್ಲೂ ಹಳೆಯ ಫೋನ್‌ಗೆ ತಿಳಿಯದ ಬಗೆ ನಮೂದಾಗಿರಬಹುದು. ಎಲ್ಲ ವಯಸ್ಸಿನ ಫೋನ್ ಬರುವ ಕ್ಲಿನಿಕ್‌ಗೆ ಡಬ್ಲ್ಯುಪಿಎ2, ಅಥವಾ 2 ಮತ್ತು 3 ಮಿಶ್ರ ವಿಧಾನ ಇಡಿ.

ನೆಟ್‌ವರ್ಕೇ ಕಾಣದವರದು ಬಹುಪಾಲು 5 ಗಿಗಾಹರ್ಟ್ಸ್ ತೊಂದರೆ. ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ವೈ-ಫೈ ಹರಡುತ್ತದೆ. ಅಗ್ಗದ ಹಳೆಯ ಫೋನ್‌ಗಳಿಗೆ 2.4 ಮಾತ್ರ ಗೊತ್ತು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಒಂದೇ ಕೋಡ್ ಎರಡಕ್ಕೂ ನಡೆಯುತ್ತದೆ. ಹೆಸರನ್ನು ಮರೆಮಾಡಿದ್ದರೆ ಅದನ್ನೂ ತೆಗೆಯಿರಿ. ಮರೆಮಾಡಿದ ನೆಟ್‌ವರ್ಕ್‌ಗೆ ಕೋಡಿನಲ್ಲಿ ಬೇರೆ ಗುರುತು ಬೇಕು, ಮರೆಮಾಡಿದ್ದರಿಂದ ಭದ್ರತೆಯೇನೂ ಹೆಚ್ಚುವುದಿಲ್ಲ. ಕ್ಯಾಮೆರಾ ಆ್ಯಪ್‌ಗೇ ಕ್ಯೂಆರ್ ಓದಲು ಬಾರದ ಫೋನ್ ಇದ್ದರೆ ಗೂಗಲ್ ಲೆನ್ಸ್ ತೆರೆಯಲು ಹೇಳಿ.

ಚಿತ್ರದುರ್ಗದ ಕೋಟೆಗೆ ಹತ್ತಿರ ನಮ್ಮ ಹೋಂಸ್ಟೇ ಇದೆ. ವೈ-ಫೈ ಹೆಸರನ್ನು ಕನ್ನಡದಲ್ಲೇ ‘ಚಿತ್ರದುರ್ಗ ಕೋಟೆ’ ಎಂದು ಇಡುವ ಆಸೆ. ರೂಟರ್ ತೆಗೆದುಕೊಳ್ಳುತ್ತಿಲ್ಲ. ಹಿಂದಿನ ಕೋಣೆಗಳಿಗೆ ಸಿಗ್ನಲ್ ಬಾರದೆ ಹಳೆಯ ರೂಟರ್ ಒಂದನ್ನು ಜೋಡಿಸಿದ್ದೇವೆ, ಅದಕ್ಕೂ ಗೆಸ್ಟ್ ಆನ್ ಮಾಡಿದರೆ ಸಾಕೇ?

ವೈ-ಫೈ ಹೆಸರಿಗೆ 32 ಬೈಟ್ ಮಿತಿ. ಇಂಗ್ಲಿಷ್ ಅಕ್ಷರ ಒಂದು ಬೈಟ್ ಹಿಡಿದರೆ ಕನ್ನಡದಲ್ಲಿ ಪ್ರತಿ ಮೂಲಾಕ್ಷರ, ಪ್ರತಿ ಸ್ವರಚಿಹ್ನೆ, ಪ್ರತಿ ಒತ್ತಿನ ಹಿಂದಿನ ವಿರಾಮ, ಎಲ್ಲಕ್ಕೂ ಮೂರು ಮೂರು ಬೈಟ್. ‘ಚಿತ್ರದುರ್ಗ’ ನೋಡಲು ನಾಲ್ಕಕ್ಷರ, ಕಂಪ್ಯೂಟರ್‌ಗೆ ಹತ್ತು ಸಂಕೇತ, 30 ಬೈಟ್. ಅದಕ್ಕೆ ಜಾಗ ಮತ್ತು ‘ಕೋಟೆ’ ಸೇರಿಸಿದರೆ 43 ಆಗಿ ಮಿತಿ ದಾಟುತ್ತದೆ. ‘ಬೆಣ್ಣೆ ದೋಸೆ’ ಎಂದಿಟ್ಟಿದ್ದರೆ 31ಕ್ಕೆ ಹಿಡಿಸುತ್ತಿತ್ತು! ಬರೀ ‘ಚಿತ್ರದುರ್ಗ’ ಎಂದು ಪ್ರಯತ್ನಿಸಿ. ಕೆಲವು ರೂಟರ್‌ಗಳ ಪುಟ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರವನ್ನು ಒಪ್ಪುವುದೇ ಇಲ್ಲ. ಒಪ್ಪಿದರೂ ಕೋಡ್‌ನೊಳಗಿನ ಕನ್ನಡವನ್ನು ಕೆಲವು ಸ್ಕ್ಯಾನರ್‌ಗಳು ತಪ್ಪಾಗಿ ಓದಿ, ಇಲ್ಲದ ಹೆಸರನ್ನು ಹುಡುಕುತ್ತ ಕೂರುತ್ತವೆ. ಕನ್ನಡ ಹೆಸರು ಕಾಣಬೇಕೆಂಬ ಆಸೆ ಸಾಧುವಾದದ್ದೇ, ಆದರೆ ದೂರದಿಂದ ಬಂದ ಅತಿಥಿಗೆ ಮೊದಲ ಸ್ಕ್ಯಾನ್‌ಗೇ ಸೇರಬೇಕೆಂದರೆ ನೆಟ್‌ವರ್ಕ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಫಲಕದ ಬರಹವೆಲ್ಲ ಕನ್ನಡದಲ್ಲಿರಲಿ.

ಎರಡನೇ ರೂಟರ್ ವಿಷಯದಲ್ಲಿ ಎಚ್ಚರ ಬೇಕು. ಗೆಸ್ಟ್ ನೆಟ್‌ವರ್ಕ್‌ನ ಬೇರ್ಪಡಿಕೆ ಮುಖ್ಯ ರೂಟರ್ ಒಳಗೆ ನಡೆಯುವ ಕೆಲಸ. ಹಳೆಯ ರೂಟರ್ ಅನ್ನು ಆಕ್ಸೆಸ್ ಪಾಯಿಂಟ್ (ವೈ-ಫೈ ಹರಡುವ ಪೆಟ್ಟಿಗೆ ಮಾತ್ರ) ಆಗಿ ಜೋಡಿಸಿದಾಗ ಅದರ ಗೆಸ್ಟ್‌ಗೆ ಸೇರಿದವರು ಅನೇಕ ಸಂದರ್ಭದಲ್ಲಿ ಕೇಬಲ್ ಮೂಲಕ ನೇರ ನಿಮ್ಮ ಮನೆಯ ನೆಟ್‌ವರ್ಕ್‌ಗೇ ಇಳಿಯುತ್ತಾರೆ. ಹಿಂದಿನ ಕೋಣೆಯಲ್ಲಿ ನಿಂತು ಮೊದಲ ಉತ್ತರದ ಪರೀಕ್ಷೆ ಮಾಡಿ. ಸೋರುತ್ತಿದ್ದರೆ ಆಕ್ಸೆಸ್ ಪಾಯಿಂಟ್‌ವರೆಗೂ ಗೆಸ್ಟ್ ಅನ್ನು ಬೇರೆಯಾಗಿಯೇ ಒಯ್ಯುವ ಮೆಶ್ ಜೋಡಿ ಅಥವಾ ವಿಎಲ್ಎಎನ್ ಇರುವ ಸಾಧನ ಬೇಕು. ದಪ್ಪ ಕಲ್ಲಿನ ಗೋಡೆಯನ್ನು 5 ಗಿಗಾಹರ್ಟ್ಸ್ ಸರಿಯಾಗಿ ದಾಟುವುದಿಲ್ಲ. ಗಾಳಿಯಲ್ಲಿ ಹಿಗ್ಗಿಸುವ ರಿಪೀಟರ್‌ಗಿಂತ ಕ್ಯಾಟ್ 6 ಕೇಬಲ್ ಎಳೆಯುವುದು ಲೇಸು. 100 ಮೀಟರ್‌ವರೆಗೆ ಅಡ್ಡಿಯಿಲ್ಲ. ಎಲ್ಲ ಕಡೆಯೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇದ್ದರೆ ಇಡೀ ಹೋಂಸ್ಟೇಗೆ ಒಂದೇ ಕೋಡ್ ಸಾಕು.

ದಾವಣಗೆರೆ ವಿದ್ಯಾನಗರದಲ್ಲಿ ಕಾಫಿ-ಜ್ಯೂಸ್ ಅಂಗಡಿ. ಬೆಳಿಗ್ಗೆ ಎಲ್ಲರಿಗೂ ಸೇರುತ್ತದೆ. ಸಂಜೆಯ ಹೊತ್ತಿಗೆ ಸ್ಕ್ಯಾನ್ ಆಗುತ್ತದೆ, ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂದು ಅಲ್ಲೇ ನಿಲ್ಲುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿ. ರೂಟರ್ ಬದಲಿಸಬೇಕೇ?

ಬದಲಿಸಬೇಡಿ. ರೂಟರ್ ಕೆಟ್ಟಿಲ್ಲ, ಅದರ ಬಳಿಯ ವಿಳಾಸಗಳು ಮುಗಿದಿವೆ. ಸೇರಿದ ಪ್ರತಿ ಫೋನಿಗೂ ರೂಟರ್ ಒಂದು ಐಪಿ ವಿಳಾಸವನ್ನು ನಿಗದಿತ ಅವಧಿಗೆ ಕೊಡುತ್ತದೆ. ಈ ಅವಧಿ ಅನೇಕ ರೂಟರ್‌ಗಳಲ್ಲಿ 24 ಗಂಟೆ. ಹುಡುಗರು ಜ್ಯೂಸ್ ಕುಡಿದು ಎದ್ದು ಹೋದರೂ ಅವರ ವಿಳಾಸ ಮರುದಿನದವರೆಗೆ ಅವರ ಹೆಸರಿನಲ್ಲೇ ಉಳಿಯುತ್ತದೆ, ಖಾಲಿ ಕುರ್ಚಿಯ ಮೇಲೆ ಟವೆಲ್ ಹಾಕಿಟ್ಟಂತೆ. ಪಟ್ಟಿಯಲ್ಲಿ 100 ವಿಳಾಸವಿದ್ದರೆ 101ನೆಯವರಿಗೆ ಸಿಗುವುದಿಲ್ಲ. ಕೋಡ್ ಬಂದ ಮೇಲೆ ಸೇರುವುದು ಸುಲಭವಾಗಿ ಸೇರುವವರೂ ಹೆಚ್ಚುತ್ತಾರೆ. ಕೈಯಲ್ಲಿ ಪಾಸ್‌ವರ್ಡ್ ಒತ್ತುತ್ತಿದ್ದ ಕಾಲದಲ್ಲಿ ಕಾಣದ ತೊಂದರೆ ಈಗ ಕಾಣುವುದು ಅದಕ್ಕೇ.

ರೂಟರ್‌ನ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ‘ಲೀಸ್ ಟೈಮ್’ ಅನ್ನು 2 ಗಂಟೆಗೆ ಇಳಿಸಿ. ನಿಮಿಷದಲ್ಲಿ ಕೇಳಿದರೆ 120, ಸೆಕೆಂಡಿನಲ್ಲಾದರೆ 7200. ವಿಳಾಸಗಳ ಸಾಲು (ಕೊನೆಯ ಸಂಖ್ಯೆ) 100ರಿಂದ 199ರವರೆಗೆ ಇದ್ದರೆ 20ರಿಂದ 250ರವರೆಗೆ ಹಿಗ್ಗಿಸಿ. 20ರ ಕೆಳಗಿನವನ್ನು ಪ್ರಿಂಟರ್, ಡಿವಿಆರ್‌ಗೆ ಇಟ್ಟುಕೊಳ್ಳಿ. ಇದಾದರೂ ಜನ ತುಂಬಿದಾಗ ಮಾತ್ರ ಸೇರದಿದ್ದರೆ, ಆ ಹೆಸರಿಗೆ ‘ಗರಿಷ್ಠ ಸಾಧನ’ ಎಷ್ಟೆಂದು ನೋಡಿ. ಫೈಬರ್ ಪೆಟ್ಟಿಗೆಗಳಲ್ಲಿ ಅದು 32 ಎಂದಿರುವುದುಂಟು. ಅದು ವಿಳಾಸದ ಮಿತಿಯಲ್ಲ, ಏಕಕಾಲಕ್ಕೆ ಕೂರುವವರ ಮಿತಿ. ಅಷ್ಟು ಜನ ದಿನವೂ ಇರುವುದಾದರೆ ಪ್ರತ್ಯೇಕ ಆಕ್ಸೆಸ್ ಪಾಯಿಂಟ್ ಕೊಳ್ಳುವುದು ಸರಿ.

ಹೊಸದುರ್ಗದಲ್ಲಿ ಪಿಜಿ ನಡೆಸುತ್ತೇವೆ. ಕೋಡ್ ಅಂಟಿಸಿದ ಮೇಲೆ ಯಾರಾದರೂ ತಪ್ಪು ಕೆಲಸಕ್ಕೆ ನಮ್ಮ ವೈ-ಫೈ ಬಳಸಿದರೆ? ಬಿಟ್ಟು ಹೋದವರನ್ನು ಹೊರಗಿಡುವುದು ಹೇಗೆ?

ಲೈನ್ ನಿಮ್ಮ ಹೆಸರಿನಲ್ಲಿದೆ. ಒಳಗೆ ಎಷ್ಟು ಜನ ಬಳಸಿದರೂ ಹೊರಗೆ ಕಾಣುವುದು ಒಂದೇ ವಿಳಾಸ, ಹಾಗಾಗಿ ಮೊದಲ ವಿಚಾರಣೆ ನಿಮ್ಮ ಬಾಗಿಲಿಗೇ ಬರುತ್ತದೆ. ಕೋಡ್‌ನಿಂದ ಯಾರು ಸೇರಿದರೆಂಬ ದಾಖಲೆ ಉಳಿಯುವುದಿಲ್ಲ. ರೂಟರ್‌ನ ಪಟ್ಟಿಯಲ್ಲಿ ಕಾಣುವುದು ಸಾಧನದ ಹೆಸರು ಮತ್ತು ಮ್ಯಾಕ್ ವಿಳಾಸ (ಸಾಧನದ ಗುರುತು ಸಂಖ್ಯೆ) ಮಾತ್ರ. ಈಗಿನ ಆಂಡ್ರಾಯ್ಡ್, ಐಫೋನ್ ಎರಡೂ ಪ್ರತಿ ನೆಟ್‌ವರ್ಕ್‌ಗೂ ಕೃತಕ ಮ್ಯಾಕ್ ತೋರಿಸುವುದರಿಂದ ಒಬ್ಬರನ್ನು ಹೆಸರಿಸಿ ತಡೆಯುವುದೂ ನೆಚ್ಚಿಕೊಳ್ಳುವಂತಿಲ್ಲ.

ಒಂದೇ ಪಾಸ್‌ವರ್ಡ್‌ನ ನೆಟ್‌ವರ್ಕ್‌ನಿಂದ ಒಬ್ಬರನ್ನೇ ತೆಗೆಯಲಾಗದು. ಪಾಸ್‌ವರ್ಡ್ ಬದಲಿಸಿದರೆ ಎಲ್ಲರೂ ಹೊರಗೆ, ಹೊಸ ಕೋಡ್‌ನಿಂದ ಇರುವವರು ಒಳಗೆ. ತಿಂಗಳ ಬಾಡಿಗೆ ತೆಗೆದುಕೊಳ್ಳುವ ದಿನ ಬದಲಿಸುವ ಪದ್ಧತಿ ಇಟ್ಟುಕೊಳ್ಳಿ. ಕೋಡನ್ನು ಗೇಟಿನ ಬಳಿ ಹಾಕದೆ ಒಳಗಿನ ಊಟದ ಮನೆಯಲ್ಲಿ ಹಾಕಿ. ರಸ್ತೆಯಿಂದ ಜೂಮ್ ಮಾಡಿದ ಫೋಟೋದಿಂದಲೂ ಕೋಡ್ ಓದಬಹುದು.

ಪ್ರತಿಯೊಬ್ಬರೂ ಮೊಬೈಲ್ ಸಂಖ್ಯೆ, ಒಟಿಪಿ ಕೊಟ್ಟೇ ಸೇರಬೇಕೆಂದರೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ-ವಾಣಿ ವ್ಯವಸ್ಥೆ ನೋಡಿ. ಅದರಲ್ಲಿ ಅಂಗಡಿ ಅಥವಾ ಪಿಜಿಯವರು ಪರವಾನಗಿ, ನೋಂದಣಿ ಶುಲ್ಕ ಇಲ್ಲದೆ ಸಾರ್ವಜನಿಕ ಡೇಟಾ ಕಚೇರಿ ಆಗಬಹುದು. ಬಳಕೆದಾರರ ಗುರುತು, ಲೆಕ್ಕ ನೋಡಿಕೊಳ್ಳುವವರು ಬೇರೆ ಇರುತ್ತಾರೆ. ಮನೆಬಳಕೆಯ ಪ್ಲಾನ್ ತೆಗೆದುಕೊಂಡು ಅತಿಥಿಗಳಿಂದ ವೈ-ಫೈಗೆಂದು ಹಣ ಪಡೆಯುವ ಮೊದಲು ನಿಮ್ಮ ಕಂಪನಿಯ ಷರತ್ತು ಓದಿ.

ಹರಿಹರದ ಒಂದು ಅಂಗಡಿಯಲ್ಲಿ ವೈ-ಫೈ ಕೋಡ್ ಸ್ಕ್ಯಾನ್ ಮಾಡಿದಾಗ ಮೊಬೈಲ್ ಸಂಖ್ಯೆ, ಕಾರ್ಡ್ ವಿವರ ಕೇಳಿತು. ಇದು ಸರಿಯೇ?

ಸರಿಯಲ್ಲ, ಆ ಪುಟ ಮುಚ್ಚಿ ಅಂಗಡಿಯವರಿಗೆ ತೋರಿಸಿ. ನೇರ ವೈ-ಫೈ ಕೋಡ್ ಯಾವ ಪುಟವನ್ನೂ ತೆರೆಯುವುದಿಲ್ಲ. ನೆಟ್‌ವರ್ಕ್ ಹೆಸರು ತೋರಿಸಿ ‘ಸೇರಬೇಕೆ’ ಎಂದಷ್ಟೇ ಕೇಳುತ್ತದೆ. ಸೇರಿದ ಮೇಲೆ ಒಟಿಪಿ ಕೇಳುವ ವ್ಯವಸ್ಥೆಗಳಿವೆ, ಆದರೆ ಉಚಿತ ವೈ-ಫೈಗೆ ಕಾರ್ಡ್ ವಿವರ ಬೇಕಾಗುವುದಿಲ್ಲ. ಅಸಲಿ ಕೋಡ್ ಮೇಲೆ ಯಾರೋ ಬೇರೆ ಚೀಟಿ ಅಂಟಿಸಿರಬಹುದು. ಅಂಗಡಿಯವರು ದಿನಾ ಟೇಬಲ್ ಒರೆಸುವಾಗ ಕೋಡ್‌ನ ಅಂಚಿನ ಮೇಲೆ ಬೆರಳಾಡಿಸಿದರೆ ಮೇಲೊಂದು ಪದರ ಇದ್ದರೆ ತಿಳಿಯುತ್ತದೆ. ಅಕ್ರಿಲಿಕ್‌ನ ಒಳಗಿಟ್ಟ ಕೋಡ್ ಇನ್ನೂ ಮೇಲು.

ಹಿರಿಯೂರಿನ ಮನೆಯಲ್ಲಿ ಎಲ್ಲರದೂ ಐಫೋನ್. ಹಬ್ಬಕ್ಕೆ ಬರುವ ನೆಂಟರಿಗೆ ಕೋಡ್ ತೋರಿಸಬಹುದೇ?

ಐಒಎಸ್ 18 ಅಥವಾ ನಂತರದ್ದಾದರೆ ‘ಪಾಸ್‌ವರ್ಡ್ಸ್’ ಆ್ಯಪ್ ತೆರೆದು, ವೈ-ಫೈ ವಿಭಾಗದಲ್ಲಿ ನಿಮ್ಮ ನೆಟ್‌ವರ್ಕ್ ಮುಟ್ಟಿದರೆ ಕ್ಯೂಆರ್ ಕೋಡ್ ತೋರಿಸುವ ಆಯ್ಕೆ ಇದೆ. ಐಒಎಸ್ 11ರಿಂದಲೇ ಐಫೋನ್ ಕ್ಯಾಮೆರಾ ಇಂಥ ಕೋಡ್ ಓದುತ್ತದೆ. ಮನೆಯಲ್ಲೂ ಗೆಸ್ಟ್ ನೆಟ್‌ವರ್ಕ್‌ನ ಕೋಡನ್ನೇ ತೋರಿಸಿ. ನೆಂಟರ ಮೇಲಿನ ಅನುಮಾನಕ್ಕಲ್ಲ, ಅವರ ಫೋನಿನಲ್ಲಿ ಏನೇನು ಆ್ಯಪ್ ಇದೆಯೆಂದು ಅವರಿಗೂ ತಿಳಿದಿರುವುದಿಲ್ಲ. ಟಿವಿಗೆ ಫೋಟೋ ಹಾಕಿ ತೋರಿಸಲು ಮಾತ್ರ ಗೆಸ್ಟ್‌ನಿಂದ ಆಗುವುದಿಲ್ಲ. ಆ ಕೆಲಸ ಮನೆಯವರ ಫೋನಿನಿಂದ ಮಾಡಿ.

ಜಗಳೂರಿನಲ್ಲಿ ಕರೆಂಟ್ ಹೋಗಿ ಬಂದಾಗ ಕೋಡ್ ಸ್ವಲ್ಪ ಹೊತ್ತು ಕೆಲಸ ಮಾಡುವುದಿಲ್ಲ. ಹೊಸ ಕೋಡ್ ಬೇಕೇ?

ಬೇಡ. ಕೋಡ್ ಕಾಗದದ ಮೇಲಿನ ಅಕ್ಷರಗಳು, ಕರೆಂಟ್‌ಗೂ ಅದಕ್ಕೂ ಸಂಬಂಧವಿಲ್ಲ. ರೂಟರ್ ಎದ್ದು ಲೈನ್ ಹಿಡಿಯಲು ಎರಡು ಮೂರು ನಿಮಿಷ ಬೇಕು. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳಲ್ಲಿ ರಾಡಾರ್ ಇದೆಯೇ ಎಂದು ಕನಿಷ್ಠ 60 ಸೆಕೆಂಡ್ ಕೇಳಿಸಿಕೊಂಡ ಮೇಲೆಯೇ ಪ್ರಸಾರ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಸ್ಕ್ಯಾನ್ ಮಾಡಿದವರಿಗೆ ನೆಟ್‌ವರ್ಕ್ ಸಿಗುವುದಿಲ್ಲ. ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿ. ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದ್ದರೆ ಯುಪಿಎಸ್ಸೂ 12 ವೋಲ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಇರಬಾರದು. ಫೈಬರ್ ಪೆಟ್ಟಿಗೆ, ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು.

ಲೈನ್ ಬರಲಿಲ್ಲವೆಂದು ಹಿಂಭಾಗದ ರೀಸೆಟ್ ರಂಧ್ರಕ್ಕೆ ಪಿನ್ ಚುಚ್ಚಬೇಡಿ. ಹೆಸರು, ಪಾಸ್‌ವರ್ಡ್, ಐಸೊಲೇಷನ್ ಎಲ್ಲ ಅಳಿಸಿಹೋಗುತ್ತವೆ. ಅಳಿಸಿಹೋಗಿದ್ದರೂ ಹಿಂದಿನ ಹೆಸರು, ಪಾಸ್‌ವರ್ಡ್‌ಗಳನ್ನು ದೊಡ್ಡಕ್ಷರ ಚಿಕ್ಕಕ್ಷರ ವ್ಯತ್ಯಾಸವಾಗದಂತೆ ಮತ್ತೆ ತುಂಬಿದರೆ ಅಂಟಿಸಿದ ಕೋಡ್‌ಗಳೇ ನಡೆಯುತ್ತವೆ. ಐಸೊಲೇಷನ್ ಮಾತ್ರ ಮತ್ತೆ ಆನ್ ಮಾಡಿ, ಲಾಗಿನ್ ಪುಟ ತೆರೆಯುವುದಿಲ್ಲವೆಂದು ಗೆಸ್ಟ್‌ನಿಂದ ಇನ್ನೊಮ್ಮೆ ನೋಡಿಕೊಳ್ಳಿ.